ಮಾಲೀಕರ ಕುರ್ಚಿಯ ಹಿಂದಿನ ಪೋಸ್ಟರು

ಮೊನ್ನೆ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಲು ಮುಚ್ಚಳ ತಿರುವಿದೆ. ಹುಳಿ ವಾಸನೆ ಮೂಗಿಗೆ ಬಡಿಯಿತು, ಕೈ ತಾನಾಗಿ ಹಿಂದೆ ಸರಿಯಿತು. ನಗಬೇಡಿ, ಈ ವಯಸ್ಸಿನಲ್ಲೂ ಆ ವಾಸನೆಗೆ ನನಗೆ ಹೆದರಿಕೆ.

ಎಪ್ಪತ್ತರ ದಶಕದಲ್ಲಿ ನಾನು ಕಾರ್ಮಿಕರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಯೊಂದರಲ್ಲಿದ್ದೆ. ಸೀಸದ ಧೂಳು ಮೈಗೆ ಏನು ಮಾಡುತ್ತದೆಂದು ನಮ್ಮ ಡಾಕ್ಟರುಗಳು ಕಂಡುಕೊಂಡಿದ್ದನ್ನು ಪೋಸ್ಟರ್ ಮಾಡಿ ಕಾಮಾಕ್ಷಿಪಾಳ್ಯದ ಬ್ಯಾಟರಿ ಶೆಡ್ಡುಗಳಿಗೆ ಹಂಚಿದ್ದರು. ಅದು ಕೆಲಸಗಾರರಿಗೆ ಎಷ್ಟು ಮುಟ್ಟಿದೆಯೆಂದು ತಿಳಿದು ಬರುವುದು ನನ್ನ ಪಾಲಿಗೆ ಬಿತ್ತು. "ಬರೀ ಕೇಳ್ಕೊಂಡು ಬನ್ನಿ. ನೀವೇ ಹೇಳ್ಕೊಡೋಕೆ ಹೋದ್ರೆ ಲೆಕ್ಕ ಕೆಟ್ಟೋಗುತ್ತೆ" ಎಂದಿದ್ದರು ನಮ್ಮ ಸಾಹೇಬರು. ಕೊಡೆ, ಹ್ಯಾಂಡ್‌ಬ್ಯಾಗು, ಪದವಿಯ ಗತ್ತು. ಮಾಗಡಿ ರಸ್ತೆಯಲ್ಲಿ ಬಸ್ಸಿಳಿಯುವಾಗ ನಾನೇ ಅರ್ಧ ಡಾಕ್ಟರು.

ಮೊದಲ ಶೆಡ್ಡಿನಲ್ಲಿ ಪೋಸ್ಟರ್ ಇತ್ತು. ಮಾಲೀಕರ ಕುರ್ಚಿಯ ಹಿಂದೆ, ದೇವರ ಪಟದ ಪಕ್ಕ, ಇಂಗ್ಲಿಷಿನಲ್ಲಿ. ಹಳೇ ಬ್ಯಾಟರಿಗಳ ಸೀಸ ಕರಗಿಸುತ್ತಿದ್ದ ರಂಗಪ್ಪನವರನ್ನು ಕೇಳಿದೆ.

"ಅದಾ ಮೇಡಂ? ಗೌರ್ಮೆಂಟ್ ಲೈಸೆನ್ಸು ಅಲ್ವಾ?"

ಟೀ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದಿದ್ದರು. ಬಲ ಮಣಿಕಟ್ಟು ಮೇಲೇಳದೆ ಜೋತುಬಿದ್ದಿತ್ತು. ಪೋಸ್ಟರಿನ ಚಿತ್ರದಲ್ಲಿದ್ದದ್ದು ಅಂಥದೇ ಕೈ. ಮನೆಯಲ್ಲಿ ಯಾರಿದ್ದಾರೆಂದು ಕೇಳಿದೆ.

"ಹೆಂಡ್ತಿ, ಒಬ್ಳು ಮಗಳು. ನಾನು ಹೋಗ್ತಿದ್ದಂಗೆ ಓಡ್ಬಂದು ಎದೆಗೆ ಅಂಟ್ಕೊಂಡ್ಬಿಡ್ತಾಳೆ."

ಅವರ ಅಂಗಿಯ ತುಂಬ ಬೂದು ಧೂಳು.

ಹಿಂದಿನ ಬೀದಿಯ ವಠಾರಕ್ಕೆ ಹೋದೆ. ರಂಗಪ್ಪನವರ ಹೆಂಡತಿ ಜಯಮ್ಮ ಅಂಥದೇ ಅಂಗಿಯೊಂದನ್ನು ಕಲ್ಲಿಗೆ ಕೊಡವುತ್ತಿದ್ದರು. ಪಕ್ಕದಲ್ಲೇ ಮಗು, ಸಪ್ಪಗೆ. "ಹೊಟ್ಟೆನೋವು ಅಂತ ಅಳ್ತಾನೇ ಇರ್ತಾಳಮ್ಮ. ಜಂತುಹುಳಕ್ಕೆ ಔಷಧಿ ಹಾಕ್ಸಿದೀನಿ."

ಲೆಕ್ಕ ಹಾಳಾಗಲಿ ಎಂದುಕೊಂಡು, ಆ ಧೂಳು ಸೀಸದ ವಿಷ, ಅಪ್ಪನ ಕೈಗೂ ಮಗುವಿನ ಹೊಟ್ಟೆಗೂ ಅದೇ ಕಾರಣವಿರಬಹುದು ಎಂದು ಎಲ್ಲ ಹೇಳಿಬಿಟ್ಟೆ. ಜಯಮ್ಮ ಮಗುವನ್ನು ಬರಸೆಳೆದುಕೊಂಡು, "ಇದು ಗೊತ್ತಿದ್ದೂ ಇಷ್ಟ್ ದಿನ ಎಲ್ಲಿ ಬಚ್ಚಿಟ್ಕೊಂಡಿದ್ರಿ?" ಎಂದರು. ಬಚ್ಚಿಟ್ಟಿರಲಿಲ್ಲ, ಗೋಡೆಗೆ ಅಂಟಿಸಿದ್ದೆವು, ಇಂಗ್ಲಿಷಿನಲ್ಲಿ.

ಅಪ್ಪ, ಮಗಳಿಬ್ಬರ ರಕ್ತವನ್ನೂ ನಮ್ಮಲ್ಲೇ ಪರೀಕ್ಷೆ ಮಾಡಿಸಿದೆ. ಇಬ್ಬರಲ್ಲೂ ಸೀಸವಿತ್ತು. ಧೂಳಿನಿಂದ ದೂರವಿಟ್ಟ ಮೇಲೆ ಮಗು ಚೇತರಿಸಿಕೊಂಡಿತು. ರಂಗಪ್ಪ ಆ ಕೆಲಸ ಬಿಟ್ಟು ವಿಜಯನಗರದಲ್ಲಿ ವಾಚ್‌ಮನ್ ಆದರು; ಕೈ ಮಾತ್ರ ಪೂರ್ತಿ ಏಳಲಿಲ್ಲ. ಜಯಮ್ಮ ವಠಾರದ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತರು. ಸ್ನಾನಕ್ಕೆ ನಲ್ಲಿ, ಬಟ್ಟೆ ಬದಲಿಸಲು ಕೋಣೆ ಬಂದದ್ದು ಆಮೇಲೆ.

ಇವತ್ತು ಬೆಳಿಗ್ಗೆ ಎದುರು ಮನೆಯ ಹಳೇ ಬಣ್ಣ ಕೆರೆಯುತ್ತಿದ್ದವರು ಧೂಳಿನ ಕೈಯಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಹಳೇ ಬಣ್ಣದಲ್ಲೂ ಸೀಸವಿರುತ್ತದೆ. ಬಕೆಟ್ಟು ಎತ್ತಿಕೊಂಡು ರಸ್ತೆ ದಾಟಿದೆ.

"ಸ್ವಲ್ಪ ಇರ್ರಪ್ಪಾ, ಕೈಗೆ ನೀರು ಹಾಕ್ತೀನಿ. ಯಾಕೆ ಅಂತಾನೂ ಹೇಳ್ತೀನಿ."