ನನ್ನ ರೊಟ್ಟಿ ಹಿಡಿದು ಇಂಗ್ಲೆಂಡಿಗೆ ಹೋದ ನೆಗೆಣ್ಣಿ

ಕಳೆದ ವಾರ ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ಎತ್ತಿದ್ದೇ ತಡ, ಡಾಂಬರು ಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಹಳೆಯ ಸೀರೆಗಳ ಅಡಿಯಲ್ಲಿ ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಉಣ್ಣೆ ಕೋಟು ಮಡಚಿಟ್ಟ ಹಾಗೇ ಇತ್ತು. ಇಂಗ್ಲೆಂಡಿನಿಂದ ತಂದದ್ದು. ಹಗರಿಬೊಮ್ಮನಹಳ್ಳಿಯ ಸೆಖೆಯಲ್ಲಿ ಅದನ್ನು ತೊಡುವ ಪ್ರಸಂಗ ಒಮ್ಮೆಯೂ ಬರಲಿಲ್ಲ. ಆದರೂ ಆಗಾಗ ಅಂಗಳದ ತಂತಿಯ ಮೇಲೆ ಬಿಸಿಲಿಗೆ ಹಾಕುತ್ತಿದ್ದಳು. ಓಣಿಯವರೆಲ್ಲ ನೋಡಲಿ ಎಂದೇ ಹಾಕುತ್ತಾಳೆ ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ. ಮೊನ್ನೆ ಅದನ್ನು ಕೈಗೆತ್ತಿಕೊಂಡಾಗಲೂ ಮೊದಲು ಬಂದದ್ದು ಆ ಉರಿಯೇ. ದುಃಖ ಆಮೇಲೆ ಬಂತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದೇ ಮನೆಯಲ್ಲಿ ನಾವಿಬ್ಬರೂ ಇಂಗ್ಲಿಷ್ ಟೀಚರುಗಳು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ, ಅವಳು ಇನ್ನೊಂದರಲ್ಲಿ. ನೌಕರಿಯಲ್ಲೂ ಮನೆಯಲ್ಲೂ ನಾನೇ ಹಿರಿಯಳು. ಒಂದು ವಾಕ್ಯ ಓದುವುದು, ಅದರ ಅರ್ಥ ಕನ್ನಡದಲ್ಲಿ ಹೇಳುವುದು, ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದು: ನನಗೆ ಗೊತ್ತಿದ್ದ ದಾರಿ ಅದೊಂದೇ. ನನ್ನ ಹುಡುಗಿಯರು ಚೆನ್ನಾಗಿ ಪಾಸಾಗುತ್ತಿದ್ದರು. ಅವರಲ್ಲಿ ಒಬ್ಬಳೂ ಇಂಗ್ಲಿಷಿನಲ್ಲಿ ಕುಡಿಯಲು ನೀರು ಕೇಳಲಾರಳು, ಆ ಮಾತು ಬೇರೆ.

ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಆ ಭಾಷೆಯನ್ನು ಹೇಗೆ ಕಲಿಸಬೇಕು ಎಂಬ ತರಬೇತಿಗೆ ಕೆಲವು ಶಿಕ್ಷಕರನ್ನು ಒಂದು ವರ್ಷ ಇಂಗ್ಲೆಂಡಿಗೆ ಕಳಿಸುತ್ತಾರೆ ಎಂಬ ಸುದ್ದಿ ಬಂತು. ಇಬ್ಬರೂ ಅರ್ಜಿ ಹಾಕಿದೆವು. ನನಗಂತೂ ಹೋಗಲೇಬೇಕಿತ್ತು. ಅಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದರೂ, ರೇಡಿಯೋ ಬಿಟ್ಟರೆ, ಇಂಗ್ಲಿಷರ ಬಾಯಿಂದ ಆ ಭಾಷೆಯನ್ನು ನಾನು ಕೇಳಿಯೇ ಇರಲಿಲ್ಲ. ಹರಪನಹಳ್ಳಿಯ ತವರು, ಇಲ್ಲಿನ ಅತ್ತೆಮನೆ, ಇವೆರಡರ ನಡುವಿನ ಬಸ್ಸಿನಲ್ಲೇ ನನ್ನ ಆಯುಷ್ಯ ಕಳೆಯುತ್ತದೆ ಎಂಬ ಹೆದರಿಕೆಯೂ ಇತ್ತು.

ಆಯ್ಕೆ ಬಳ್ಳಾರಿಯಲ್ಲಿ. ನಸುಕಿನಲ್ಲೆದ್ದು ಇಬ್ಬರಿಗೂ ಸಾಕಾಗುವಷ್ಟು ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಟ್ಟೆಯಲ್ಲಿ ಕಟ್ಟಿಕೊಂಡೆ. ಅಲ್ಲಿ ನಿಜವಾದ ಮಕ್ಕಳನ್ನೇ ಕೂಡಿಸಿ, ಪರೀಕ್ಷಕರ ಎದುರು ಪಾಠ ಮಾಡಿ ಎಂದರು. ನನ್ನ ಪಾಠ ಒಂದು ಕಡೆಯೂ ತಡವರಿಸಲಿಲ್ಲ. ಕಪ್ಪುಹಲಗೆಯ ಮೇಲೆ ನನ್ನ ಅಕ್ಷರ ನೋಡಿ ಒಬ್ಬರು ತಲೆದೂಗಿದರು. ನನ್ನ ನಂತರ ಅವಳು ಎದ್ದಳು. ಪುಸ್ತಕ ಮುಟ್ಟಲಿಲ್ಲ. ನೇರ ಬಂದು ನನ್ನ ಕಾಲ ಬಳಿ ಇದ್ದ ಬುತ್ತಿಯ ಗಂಟು ಎತ್ತಿಕೊಂಡು ಹೋದಳು! "ದಿಸ್ ಈಸ್ ಎ ರೊಟ್ಟಿ" ಎಂದು ಮೇಲೆ ಹಿಡಿದಳು. ಮೆತ್ತಗಿದೆಯೇ ಎಂದು ಇಂಗ್ಲಿಷಿನಲ್ಲೇ ಕೇಳಿ, ಲಟ್ಟನೆ ಮುರಿದಳು. ಮಕ್ಕಳು ನಕ್ಕು "ನೋ, ನೋ" ಎಂದು ಕೂಗಿದರು. ಮುರಿದಳು, ಕೊಟ್ಟಳು, ಕೇಳಿದಳು. ರೊಟ್ಟಿ ಎಂಬುದೊಂದು ಬಿಟ್ಟರೆ ಕನ್ನಡದ ಒಂದು ಶಬ್ದವೂ ಬರಲಿಲ್ಲ, ಕೊನೆಗೆ ಪರೀಕ್ಷಕರೂ ಕೈಚಾಚಿದರು.

"ಅಕ್ಕಾ, ರೊಟ್ಟಿ ಎಲ್ಲಾ ಖಾಲಿ ಆದ್ವು. ಸಿಟ್ಟಾಗಬ್ಯಾಡ" ಎಂದಳು ಹೊರಗೆ ಬಂದು.

ಆಯ್ಕೆಯಾದದ್ದು ಅವಳು. ಸುದ್ದಿ ಬಂದ ದಿನ ಓಣಿಗೆಲ್ಲ ನಾನೇ ಸಕ್ಕರೆ ಹಂಚಿದೆ. ಆಮೇಲೆ ಹಿತ್ತಲಿಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಕಣ್ಣೀರು ಹಾಕಿದೆ. ಆಗ ಅವಳ ಮಗಳು ಗೋಡೆ ಹಿಡಿದು ನಡೆಯುವಷ್ಟಾಗಿತ್ತು, ಮಾತು ಬಂದಿರಲಿಲ್ಲ. ಕೂಸನ್ನು ಬಿಟ್ಟು ಹೇಗೆ ಹೋಗುವುದು ಎಂದು ಅವಳು ತೊಳಲಾಡುತ್ತಿದ್ದರೆ ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು: "ದೊಡ್ಡಾಕಿ ಅದಾಳಲ್ಲ, ನೋಡ್ಕೊಂತಾಳ. ನೀ ಹೋಗಿ ಬಾರವ್ವ." ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಮಕ್ಕಳಿರಲಿಲ್ಲ, ಹಾಗಾಗಿ ಕೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ.

ಆ ವರ್ಷ... ಅದನ್ನು ಹೇಗೆ ಹೇಳುವುದು? ಶಾಲೆಯಿಂದ ಬರುವ ನನ್ನ ಹೆಜ್ಜೆಯ ಸಪ್ಪಳಕ್ಕೇ ಕೂಸು ಹೊಸ್ತಿಲಿಗೆ ಓಡಿ ಬರುತ್ತಿತ್ತು. ನನ್ನ ಸೆರಗು ಹಿಡಿಯದೆ ನಿದ್ದೆಯಿಲ್ಲ. ಅದರ ಬಾಯಿಗೆ ಮಾತು ಬಂದದ್ದು ನನ್ನ ಮಡಿಲಲ್ಲಿ. ಮೊದಲು ಆಡಿದ ಮಾತು "ಅವ್ವ", ಆಡಿದ್ದು ನನಗೆ. ತಿದ್ದಬಹುದಿತ್ತು, ತಿದ್ದಲಿಲ್ಲ. ಅವಳಿಗೆ ಇಂಗ್ಲೆಂಡ್ ಸಿಕ್ಕಿತು, ನನಗೆ ಇದು ಸಿಕ್ಕಿತು, ಸರಿಹೋಯಿತು ಅಂದುಕೊಂಡೆ.

ಅವಳು ಅದೇ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಂದಿಳಿದಳು. ಓಡಿ ಬಂದು ಕೈಚಾಚಿದರೆ, ನನ್ನ ಸೊಂಟದ ಮೇಲಿದ್ದ ಕೂಸು ಮುಖ ಮುಚ್ಚಿಕೊಂಡು "ಅವ್ವಾ, ಈಕಿ ಯಾರು?" ಎಂದು ನನ್ನನ್ನು ಕೇಳಿತು. ನಿಜ ಹೇಳುತ್ತೇನೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅವಳು ಕೂಸನ್ನು ಜಗ್ಗಲಿಲ್ಲ, ಅಳಲೂ ಇಲ್ಲ. ತಂದ ಗೊಂಬೆಯನ್ನು ಕೂಸು ಮೂಸಿ ನೋಡದಿದ್ದಾಗ ಅದನ್ನು ಸುಮ್ಮನೆ ಎತ್ತಿಟ್ಟಳು. ಮರುದಿನ ಅಡುಗೆಮನೆಯ ನೆಲದ ಮೇಲೆ ಕುಳಿತು ಸೌಟಿನಿಂದ ತಲೆ ಬಾಚಿಕೊಳ್ಳತೊಡಗಿದಳು. "ಇದು ಬಾಚಣಿಕಿ ಹೌದಲ್ಲೋ?" ಎಂದು ಗೋಡೆಯನ್ನು ಕೇಳಿದಳು. ಕೂಸು ನನ್ನ ಹೆಗಲ ಮೇಲಿಂದ ಇಣುಕಿತು. ಇನ್ನೊಂದು ದಿನ ಉಳ್ಳಾಗಡ್ಡಿಯನ್ನು ಹಣೆಗೆ ಒತ್ತಿಕೊಂಡು ಕುಂಕುಮ ಎಂದಳು. ಇಂಗ್ಲೆಂಡಿನಲ್ಲಿ ಅವಳಿಗೆ ಕಲಿಸಿದ್ದೇ ಇದು: ಅರ್ಥ ಹೇಳಬೇಡ, ವಸ್ತು ಹಿಡಿ, ಬೇಕೆಂದೇ ತಪ್ಪು ಮಾಡು, ಕಲಿಯುವವರೇ ನಿನ್ನನ್ನು ತಿದ್ದಲಿ. ಶಾಲೆಯಲ್ಲೂ ಇದನ್ನೇ ಮಾಡಿ ಹುಡುಗರ ಬಾಯಿಂದ ಇಂಗ್ಲಿಷ್ ಹೊರಡಿಸಿದಳು. ಒಂದು ಮಧ್ಯಾಹ್ನ ಚಪ್ಪಲಿಯನ್ನು ಕಿವಿಗೆ ಹಿಡಿದು "ಹಲೋ" ಎಂದಾಗ ಕೂಸಿಗೆ ತಡೆಯಲಾಗಲಿಲ್ಲ. ನನ್ನ ಸೊಂಟದಿಂದ ಜಾರಿ ಇಳಿದು, ಓಡಿಹೋಗಿ ಚಪ್ಪಲಿ ಕಸಿದುಕೊಂಡು "ಇದು ಕಾಲಿಗೆ ಹಾಕ್ಕೊಳ್ಳೋದು!" ಎಂದಿತು. ಹೇಳುತ್ತಾ ಹೇಳುತ್ತಾ ಅವಳ ತೊಡೆಯ ಮೇಲೆ ಕುಳಿತುಬಿಟ್ಟಿತು.

ಆ ವಿದ್ಯೆ ಕಲಿಯಲು ಹೋಗಬೇಕಾದವಳು ನಾನಾಗಿದ್ದೆ. ಅದನ್ನೇ ಕಲಿತು ಬಂದು ನನ್ನ ಕಂಕುಳಲ್ಲಿದ್ದ ಕೂಸನ್ನು ಇಳಿಸಿಕೊಂಡಳಲ್ಲ... ಅತ್ತೆ ಕೂಸಿಗೆ ಹೇಳಿಕೊಟ್ಟರು: "ಆಕಿ ಅವ್ವ. ಈಕಿ ದೊಡ್ಡವ್ವ." ಕೂಸು ಬೇಗನೆ ಕಲಿತುಕೊಂಡಿತು.

ಆಮೇಲೆ ಎಷ್ಟೋ ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡೆವು. ಜಗಳವಾಡಲಿಲ್ಲ. ಅವಳ ಕೊನೆಯ ಕಾಯಿಲೆಯಲ್ಲಿ ನಾನೇ ಗಂಜಿ ಕುಡಿಸುತ್ತಿದ್ದೆ. ಒಂದು ದಿನ ಚಮಚ ತಡೆದು ಕೇಳಿದಳು.

"ಅಕ್ಕಾ, ಕೂಸು ಮೊದಲು ಏನಂದ್ಲು?"

"ಅವ್ವ ಅಂದ್ಲು."

"ಯಾರಿಗೆ?"

ಸುಳ್ಳು ಹೇಳಬಹುದಿತ್ತು. ಸಾಯುವವಳ ಮುಂದೆ ಹೇಳಿದ ಸುಳ್ಳಿಗೆ ಪಾಪವೂ ಇಲ್ಲ. ಆದರೆ ನನ್ನ ಬಳಿ ಇದ್ದದ್ದು ಅದೊಂದೇ. ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ನನಗ" ಅಂದೆ.

ಅವಳು ಗೋಡೆಯ ಕಡೆ ಹೊರಳಿದಳು. ಅಷ್ಟು ವರ್ಷ ಅವಳೂ ನನ್ನ ಮೇಲೆ ಉರಿಯುತ್ತಿದ್ದಳು ಎಂದು ನನಗೆ ತಿಳಿದದ್ದು ಆಗಲೇ.

ಮಗಳು ಈಗ ಹೊಸಪೇಟೆಯಲ್ಲಿ ನೌಕರಿಯಲ್ಲಿದ್ದಾಳೆ. ತಾಯಿ ಹೋದ ಮೇಲೆ, ಯಾರೂ ಹೇಳಿಕೊಡದೆ, ನನ್ನನ್ನು ಮತ್ತೆ ಅವ್ವ ಎಂದು ಕರೆಯತೊಡಗಿದ್ದಾಳೆ. ಬಾಗಿಲಲ್ಲಿ ನಿಂತು ಕೂಗುತ್ತಾಳೆ, ಇಡೀ ಮನೆಗೆ ಕೇಳುವ ಹಾಗೆ. ಓ ಎನ್ನುವ ಮೊದಲು ನನ್ನ ಕಣ್ಣು ತಾನಾಗಿ ನೆಗೆಣ್ಣಿಯ ಕೋಣೆಯ ಕಡೆ ಹೋಗುತ್ತದೆ. ಕೇಳಿಸಿಕೊಂಡಳೇನೋ, ಕೇಳಿಸಿಕೊಂಡು ಒಂದಿಷ್ಟು ಉರಿದುಕೊಳ್ಳಲಿ ಎಂಬ ಆಸೆ. ಕೋಣೆಯಲ್ಲಿ ಯಾರೂ ಇರುವುದಿಲ್ಲ.