ಸಂತಪುರಕ್ಕೆ ಎಮ್ಮೆ ಕೇಳಲು ಹೋದದ್ದು

ಮೊದಲ ಫೋನಿಗೇ ನನಗೆ ಅನುಮಾನ ಬಂದಿತ್ತು. ಭಾಲ್ಕಿಯಿಂದ ಮಾತಾಡುತ್ತಿದ್ದೇನೆ, ಶಾಲಾ ಮಾಸ್ತರನಾಗಿ ನಿವೃತ್ತನಾದವನು, ನಮ್ಮ ಸಮಾಜದ ವಧು-ವರ ಮಾಹಿತಿ ಕೇಂದ್ರ ನಡೆಸುತ್ತೇನೆ, ಅದಕ್ಕೊಂದು ವೆಬ್‌ಸೈಟ್ ಬೇಕು ಎಂದು ಆ ಕಡೆಯ ದನಿ ಹೇಳಿತು. ನನ್ನ ನಂಬರ್ ಯಾರು ಕೊಟ್ಟರು ಎಂದು ಕೇಳಿದೆ.

"ಯಾರೋ ಕೊಟ್ರು ತಂಗಿ. ಈಗ ನೆನಪಾಗವಲ್ದು."

ಯಾವ ಊರಿನ ಯಾವ ಮನೆಯಲ್ಲಿ ಎಷ್ಟು ಓದಿದ ಹುಡುಗ ಇದ್ದಾನೆ, ಅವನ ಸೋದರಮಾವ ಎಲ್ಲಿಯವನು ಎಂದು ನೆನಪಿಡುವುದೇ ಕಸುಬಾಗಿರುವ ಮನುಷ್ಯನಿಗೆ ನಂಬರ್ ಕೊಟ್ಟವರು ನೆನಪಿಲ್ಲವಂತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೇ ಬರುವ ಭಾನುವಾರ ಭೇಟಿಯಾಗೋಣ ಎಂದೆ.

ನನ್ನ ಅನುಮಾನಕ್ಕೆ ಕಾರಣವಿತ್ತು. ಬೀದರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆರು ವರ್ಷ ಮದುವೆ ಕಾರ್ಡು, ಫ್ಲೆಕ್ಸು ಡಿಸೈನ್ ಮಾಡಿ ಮಾಡಿ ಬೇಸತ್ತು, ಇನ್ನು ಮನೆಯಲ್ಲೇ ಕುಳಿತು ವೆಬ್‌ಸೈಟ್ ಮಾಡುತ್ತೇನೆಂದು ಕೆಲಸ ಬಿಟ್ಟಿದ್ದೆ. ಆ ದಿನ ಅವ್ವ ನನ್ನೊಡನೆ ಒಂದು ಕರಾರು ಮಾಡಿಕೊಂಡಳು. ಒಂದು ವರ್ಷ ಸಮಯ. ಅಷ್ಟರಲ್ಲಿ ಬಂಧುಬಳಗದವರಲ್ಲದ, ಪ್ರೆಸ್ಸಿನ ಹಳೆಯ ಗಿರಾಕಿಯಲ್ಲದ ಒಬ್ಬರ ಕೆಲಸ ಹಿಡಿದು, ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಬೇಕು. ಆಗದಿದ್ದರೆ ಅವಳು ತೋರಿಸಿದ ವರನ ಮುಂದೆ ಮುಖ ಸಿಂಡರಿಸದೆ ಕೂಡಬೇಕು. ಅವ್ವ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅವಳ ಮಾತೆಂದರೆ ಮಾತು. ಮಾಸ್ತರ ಫೋನ್ ಬಂದಾಗ ಹತ್ತು ತಿಂಗಳು ಕಳೆದಿದ್ದವು, ನನ್ನ ಕೈಯಲ್ಲಿ ಒಂದೂ ಕೆಲಸ ಇರಲಿಲ್ಲ. ಅಂಥ ಹೊತ್ತಿನಲ್ಲಿ ಕೆಲಸ ತಾನಾಗಿ ನಡೆದು ಬಂತು, ಅದೂ ಮದುವೆ ಮಾಡಿಸುವವರ ಕಡೆಯಿಂದ. ಅನುಮಾನ ಪಡದೆ ಏನು ಮಾಡಲಿ?

ಬಸ್‌ಸ್ಟ್ಯಾಂಡಿನ ಹತ್ತಿರ ಯಾವುದಾದರೂ ಹೋಟೆಲಿನಲ್ಲಿ ಕೂಡೋಣ ಎಂದರೆ ಮಾಸ್ತರು ಒಪ್ಪಲಿಲ್ಲ. "ಹೋಟೆಲ್ ಬ್ಯಾಡ, ನಿಮ್ಮ ಮನಿಗೇ ಬರ್ತೇನಿ," ಎಂದು ಮನೆಗೇ ಬಂದರು. ಬಿಳಿ ಪೈಜಾಮ, ಖಾದಿ ಅಂಗಿ, ಚೀಲದಲ್ಲಿ ಮೂರು ದಪ್ಪ ರಿಜಿಸ್ಟರು. ಕುಳಿತವರೇ ಗೋಡೆಯ ಮೇಲಿನ ಬುದ್ಧನ ಫೋಟೋಕ್ಕೆ ಕೈಮುಗಿದು, ಸಾವಕಾಶವಾಗಿ ಮನೆಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿದರು. ನಾನು ಪ್ರಶ್ನೆಗಳ ಪಟ್ಟಿ ಮಾಡಿಟ್ಟುಕೊಂಡಿದ್ದೆ. ವೆಬ್‌ಸೈಟನ್ನು ಯಾರು ನೋಡುತ್ತಾರೆ, ಬಂದವರು ಮೊದಲು ಏನು ಹುಡುಕುತ್ತಾರೆ, ಹೊಸ ಮಾಹಿತಿ ಸೇರಿಸುವವರು ಯಾರು, ಹೀಗೆ. ಮಾಸ್ತರು ನನ್ನ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ತಮ್ಮದೊಂದು ಕೇಳುತ್ತಿದ್ದರು.

"ಹೆಚ್ಚಾಗಿ ತಂದಿ-ತಾಯಿನೇ ನೋಡ್ತಾರ್ರಿ, ಮೊಬೈಲ್ನ್ಯಾಗ. ನೀ ಎಷ್ಟು ಓದೀದಿ ತಂಗಿ?"

"ಬಿ.ಕಾಂ. ರಿ. ಫೋಟೋ ಹಾಕೂದ್ರಿ, ಇಲ್ಲೋ?"

"ಫೋಟೋ ಬ್ಯಾಡ. ನಿಮ್ಮ ಅವ್ವನ ತವರು ಭಾತಂಬ್ರಾ ಅಲ್ಲ? ನಾ ಅಲ್ಲೇ ಸಾಲಿ ಮಾಸ್ತರ ಇದ್ದೆ. ಮನ್ಯಾಗ ಅಡಗಿ ನೀ ಮಾಡ್ತೀಯೋ, ಅವ್ವನೋ?"

ನನ್ನ ಕಿವಿ ನೆಟ್ಟಗಾದವು. ಅಡುಗೆ ಯಾರು ಮಾಡಿದರೆ ವೆಬ್‌ಸೈಟಿಗೇನು? ಇನ್ನೂ ವಿಚಿತ್ರವೆಂದರೆ ಅವ್ವ ಒಳಗಿನಿಂದ ಹೊರಗೇ ಬರಲಿಲ್ಲ. ಸಿಲಿಂಡರ್ ತಂದವನನ್ನೂ ಬಾಗಿಲಲ್ಲಿ ನಿಲ್ಲಿಸಿ ಅವನ ಮಕ್ಕಳ ಜ್ವರ ವಿಚಾರಿಸುವ ಹೆಂಗಸು, ತನ್ನ ತವರಿನಲ್ಲಿ ಮಾಸ್ತರಾಗಿದ್ದವರು ಬಂದು ಕುಳಿತರೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಇದ್ದುಬಿಟ್ಟಳು. ಚಾ ಕೂಡ ನಾನೇ ಒಳಗೆ ಹೋಗಿ ತಂದೆ.

ಎರಡನೇ ಭೇಟಿ ಭಾಲ್ಕಿಯಲ್ಲಿ, ಸ್ಟೇಷನ್ನಿನ ಕಡೆಯ ಓಣಿಯಲ್ಲಿದ್ದ ಅವರ ಮನೆಯ ಮುಂದಿನ ಕೋಣೆಯಲ್ಲಿ. ಅದೇ ಕೇಂದ್ರ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಉದ್ದಕ್ಕೂ ರಿಜಿಸ್ಟರುಗಳು. ಕೆಲಸ ಮಾತ್ರ ಖರೇ ಇದ್ದಂತೆ ಕಂಡಿತು, ಅಷ್ಟು ಹೇಳಲೇಬೇಕು. ನಾನು ದೊಡ್ಡ ಕಾಗದದ ಮೇಲೆ ಚೌಕಗಳನ್ನು ಹಾಕಿ ತೋರಿಸಿದೆ. ಇದು ಮುಖಪುಟ, ಇದು ಹೆಸರು ನೋಂದಾಯಿಸುವ ಪುಟ, ಇದು ಹುಡುಕುವ ಪುಟ. ಮಾಸ್ತರು ಹುಡುಕುವ ಪುಟದ ಮೇಲೆ ಬೆರಳಿಟ್ಟು, ಪೆನ್ನು ತೆಗೆದು ಗೀಟು ಎಳೆದು ಕಾಟು ಹಾಕಿದರು.

"ಇದು ಬ್ಯಾಡ."

"ಹುಡುಕದೆ ಹ್ಯಾಂಗ್ರಿ? ವೆಬ್‌ಸೈಟ್ ಇರೂದೇ ಹುಡುಕ್ಲಿಕ್ಕ."

"ಹುಡುಕೂದು ನನ್ನ ಕೆಲಸ. ಅವರವರೇ ಹುಡುಕ್ಕೊಂಡ್ರ ಮನಿ ಯಾರು ನೋಡ್ತಾರ?"

ಆಮೇಲೆ ತಮ್ಮ ಪದ್ಧತಿ ವಿವರಿಸಿದರು. ಮೊದಲು ಎರಡೂ ಕಡೆಗೆ ವಯಸ್ಸು, ಓದು, ಉದ್ಯೋಗ ಮಾತ್ರ ಹೇಳುವುದು. ಒಪ್ಪಿದರೆ ತಾವೇ ಹೋಗಿ ಮನೆ ನೋಡಿ ಬರುವುದು. ಅದು ಮನಸ್ಸಿಗೆ ಬಂದರೆ ಆಗ ಊರು, ಕೊನೆಗೆ ಹೆಸರು. ಮನೆ ನೋಡುವುದೇ ಮುಖ್ಯ, ಅದನ್ನು ಹೇಳಿ ಹೋಗಬಾರದು.

"ಹೇಳಿ ಹೋದ್ರ ಮನಿ ತೊಳದು ಇಟ್ಟಿರ್ತಾರ ತಂಗಿ. ಅದಕ್ಕ ಏನರೆ ಬಹಾನಾ ಮಾಡ್ಕೊಂಡು ಹೋಗ್ತೇನಿ. ಒಂದು ಕಡಿ ತೊಗರಿ ಬೀಜ ಕೇಳ್ತೇನಿ, ಒಂದು ಕಡಿ ಎಮ್ಮಿ ಮಾರ್ತೀರಂತಲ್ಲ ಅಂತೇನಿ. ಅವರು ಮಾತಾಡೂದ್ರಾಗ ಅತ್ತಿ ಸೊಸಿ ಹ್ಯಾಂಗ ಇದ್ದಾರ ನೋಡ್ಕೊಂಡು ಬರ್ತೇನಿ."

"ಬಹಾನಾ ಎಮ್ಮಿದೇ ಇರಬೇಕಂತ ಏನಿಲ್ಲಲ್ರಿ?" ಎಂದು ಕೇಳಿದೆ.

"ಏನರೆ ಇರ್ತದ. ಆ ಮನಿಗಿ ತಕ್ಕಂಗ."

ನಾನು ಕಾಗದದ ಮೇಲಿನ ಚೌಕಗಳನ್ನೇ ನೋಡುತ್ತ ಕುಳಿತೆ. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ, ತೊಗರಿಯೂ ಇಲ್ಲ. ಇರುವುದು ಒಂದು ಕಂಪ್ಯೂಟರು. ಅಂಥ ಮನೆಗೆ ತಕ್ಕ ನೆಪ ಯಾವುದು? ಭಾಲ್ಕಿಯಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಎಲ್ಲವನ್ನೂ ಕೂಡಿಸಿದೆ. ನಂಬರ್ ಕೊಟ್ಟವರ ಹೆಸರು ಮರೆತದ್ದು, ಮನೆಗೇ ಬರುತ್ತೇನೆಂದು ಹಟ ಹಿಡಿದದ್ದು, ಭಾತಂಬ್ರಾ, ಅಡುಗೆ, ಅವ್ವ ಹೊರಗೆ ಬಾರದೆ ಇದ್ದದ್ದು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಇರಲಿ, ಆದರೆ ನನಗೆ ಹಳದಿ ಕಂಡದ್ದು ಒಂದೆರಡು ಕಡೆಯಲ್ಲ. ಕೈಬಿಡೋಣವೆಂದರೆ ಕೆಲಸ ನಿಜವಾಗಿದ್ದರೆ ಎಂಬ ಆಸೆ. ಬಿಟ್ಟರೆ ನನ್ನ ವರ್ಷ ಹೋಯಿತು, ಹಿಡಿದರೆ ಬಲೆಗೆ ಬಿದ್ದೆ.

ಅಷ್ಟರಲ್ಲೇ ಮಾಸ್ತರು ಫೋನ್ ಮಾಡಿ ಸಂತಪುರದ ಮಾತು ತೆಗೆದರು. ಒಂದು ಮನೆ ನೋಡುವುದಿದೆ, ಜೊತೆಗೆ ಬಾ, ಕಣ್ಣಾರೆ ನೋಡಿದರೆ ವೆಬ್‌ಸೈಟಿನಲ್ಲಿ ಹೇಗೆ ಹಾಕಬೇಕೆಂದು ತಿಳಿಯುತ್ತದೆ ಎಂದರು. ನ್ಯಾಯವಾದ ಮಾತೇ. ಆದರೆ ಹೊರಡುವ ಬೆಳಿಗ್ಗೆ ಅವ್ವ ಬಾಗಿಲಲ್ಲಿ ನಿಂತು, "ಆ ಹಸರು ಚೂಡಿದಾರ ಹಾಕ್ಕೋ. ನಾಕು ಮಂದ್ಯಾಗ ಹೋಗ್ತೀದಿ," ಎಂದಳು. ನನಗೆ ತಲೆ ಕೆಟ್ಟಿತು.

"ನಿನ್ನ ನಾಟಕ ಎಲ್ಲಾ ಗೊತ್ತಾಗ್ಯದ," ಎಂದೆ. "ಮಾತು ಕೊಟ್ಟು ಹಿಂದಿಂದ ಚೂರಿ ಹಾಕಾಕಿ ನೀ. ಇನ್ನ ಮ್ಯಾಲ ನಿನ್ನ ನಂಬಂಗಿಲ್ಲ."

ಅವ್ವನ ಮುಖ ಸಪ್ಪಗಾಯಿತು. ತಿರುಗಿ ಮಾತಾಡಲಿಲ್ಲ. ಸಿಕ್ಕಿಬಿದ್ದವರು ಇನ್ನೇನು ಮಾತಾಡುತ್ತಾರೆ ಎಂದುಕೊಂಡೆ. ತಲೆ ಬಾಚದೆ, ಮಾಸಿದ ಕುರ್ತಾದಲ್ಲೇ ಔರಾದ್ ಬಸ್ಸು ಹತ್ತಿ ಮಾಸ್ತರ ಪಕ್ಕ ಕುಳಿತು ಸಂತಪುರದಲ್ಲಿ ಇಳಿದೆ.

ಆ ಮನೆಯಲ್ಲಿ ಅವ್ವನ ವಯಸ್ಸಿನ ಒಬ್ಬ ಹೆಂಗಸಿದ್ದರು. ಅವರ ಮಗ, ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ವಾರದ ನಡುವೆ, ಹಾಡಹಗಲಲ್ಲಿ, ಇಸ್ತ್ರಿ ಅಂಗಿ. ನಾನು ಅಷ್ಟಕ್ಕೇ ತೀರ್ಮಾನ ಮಾಡಿದೆ. ಇವನೇ.

"ಎಮ್ಮಿ ಮಾರೂದದ ಅಂತ ಕೇಳಿ ಬಂದ್ವಿರಿ," ಎಂದರು ಮಾಸ್ತರು.

ನಾನು ಅಂಗಳವನ್ನೆಲ್ಲ ನೋಡಿದೆ. ಒಂದು ಗೂಟವಿಲ್ಲ, ಒಂದು ಹಿಡಿ ಮೇವಿಲ್ಲ, ಸೆಗಣಿಯ ಗುರುತಿಲ್ಲ. ಆ ಮನೆ ಎಮ್ಮೆಯ ಮುಖ ಕಂಡು ಎಷ್ಟು ವರ್ಷವಾಗಿತ್ತೋ. ಆ ಹೆಂಗಸು ಮಾತ್ರ ರೆಪ್ಪೆ ಬಡಿಯದೆ, "ಎಮ್ಮಿ ಹೋದ ವಾರನೇ ಹೋಯ್ತರಿ. ಬರ್ರಿ, ಚಾ ಕುಡದು ಹೋಗ್ರಿ," ಎಂದರು. ಇಲ್ಲದ ಎಮ್ಮೆ ಕೇಳಿದವರಿಗೆ ಚಾ ಕೊಡುವ ಮನೆಗೆ ನಾವು ಬಂದದ್ದು ಯಾಕೆಂದು ಚೆನ್ನಾಗಿ ಗೊತ್ತು. ಮಾಸ್ತರ ಬಹಾನಾ ಗುಟ್ಟೆಂದು ನಂಬಿದವರು ಮಾಸ್ತರೊಬ್ಬರೇ ಇರಬೇಕು. ಆ ಹೆಂಗಸಿನ ಕಣ್ಣು ನನ್ನ ಮೇಲೆಯೇ ಇತ್ತು. ಸರಿ, ನೋಡಲಿ ಎಂದು ಹೊರಸಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತೆ.

ಒಳಗಿನಿಂದ ಒಬ್ಬ ಹುಡುಗಿ ಚಾ ತಂದಳು. ವರನ ತಂಗಿ ಎಂದುಕೊಂಡೆ. "ಇಷ್ಟು ಸಕ್ರಿ ಹಾಕಿದ್ರ ಯಾರು ಕುಡೀತಾರ?" ಎಂದು ಲೋಟವನ್ನು ಪಕ್ಕಕ್ಕೆ ಸರಿಸಿದೆ. ಹೆಂಗಸು ಮೆಲ್ಲಗೆ, "ಮನ್ಯಾಗ ಅಡಗಿ ಯಾರು ಮಾಡ್ತಾರವ್ವ?" ಎಂದರು. ನಾನು ಇದಕ್ಕೇ ಕಾದಿದ್ದೆ.

"ನಾನಂತೂ ಮಾಡಂಗಿಲ್ರಿ. ಬರಂಗೂ ಇಲ್ಲ, ಕಲಿಯಾಕೀನೂ ಅಲ್ಲ. ಮದ್ವಿಯಾಗಿ ಯಾರ ಮನಿಗೂ ಹೋಗಾಕಿ ಅಲ್ಲ ನಾ. ಜಲ್ಮ ಪೂರ್ತಿ ನಮ್ಮ ಮನ್ಯಾಗೇ ಇರ್ತೇನಿ. ಯಾರು ಏನು ಅಂದ್ರೂ ನಾ ಹೇಳಿದ್ದೇ ಅಲ್ಲಿ ನಡೀಬೇಕು."

ಲೋಟಗಳನ್ನು ಎತ್ತುತ್ತಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳಿಗೇಕೆ ಇಷ್ಟು ನೋವು ಎಂದು ಒಂದು ಕ್ಷಣ ಅನಿಸಿತ್ತು. ಆದರೆ ಗೆದ್ದ ಹುಮ್ಮಸ್ಸಿನಲ್ಲಿ ಅದು ಅಲ್ಲಿಗೇ ಹೋಯಿತು. ವಾಪಸು ಬರುವಾಗ ಮಾಸ್ತರು "ತಂಗಿ, ನಿನಗ ಮೈಯಾಗ ಆರಾಮ ಇಲ್ಲೇನು?" ಎಂದಷ್ಟೇ ಕೇಳಿದರು.

ಎರಡು ದಿನ ಬಿಟ್ಟು ಅವರ ಫೋನ್ ಬಂತು. ಸಂತಪುರದವರು ಬೇಡ ಅಂದರಂತೆ.

"ಭಾಳ ಚೊಲೋ ಆಯ್ತರಿ," ಎಂದೆ.

"ಏನು ಚೊಲೋ ಆಯ್ತು? ಬಂಗಾರದಂಥಾ ಹುಡುಗಿ. ಇಬ್ಬರಿಗೂ ಬರಾಬರ್ ಇತ್ತು."

"ಯಾವ ಹುಡುಗಿ?"

"ಚಾ ತಂದು ಕೊಟ್ಟಳಲ್ಲ, ಆಕಿ. ಬೀದರಿನ ಒಂದು ವರಕ್ಕ ಆಕಿ ಮನಿ ನೋಡ್ಲಿಕ್ಕ ಹೋಗಿದ್ವಿ. ಅವರು ನಿನಗ ವರನ ತಂಗಿ ಅಂತ ತಿಳ್ಕೊಂಡಾರ. ಅಡಗಿ ಮಾಡಂಗಿಲ್ಲ, ಮದ್ವಿಯಾಗಿ ಹೋಗಂಗಿಲ್ಲ, ನಾ ಹೇಳಿದ್ದೇ ನಡೀಬೇಕು ಅಂದಿ. ಅಂಥಾ ನಾದಿನಿ ಇದ್ದ ಮನಿಗಿ ಮಗಳ್ನ ಯಾರು ಕೊಡ್ತಾರ? ಆ ಹುಡುಗಗ ಅಕ್ಕ ತಂಗಿ ಯಾರೂ ಇಲ್ಲ. ಹಂಗಂತ ಹೇಳಿದ್ರ, ಮುಚ್ಚಿಡ್ಲಾಕತ್ತೀರಿ ಅಂತಾರ."

ಇಸ್ತ್ರಿ ಅಂಗಿಯವನು ಅವಳ ಅಣ್ಣ. ಏನೋ ಕೆಲಸಕ್ಕೆ ಔರಾದಿನ ಕಚೇರಿಗೆ ಹೊರಟು ನಿಂತಿದ್ದನಂತೆ. ಆದರೂ ನನ್ನ ಹುಟ್ಟುಗುಣ ಸುಮ್ಮನಿರಲಿಲ್ಲ. "ನಮ್ಮವ್ವ ನಿಮ್ಮ ಹಂತ್ಯಾಕ ಬಂದಿಲ್ಲ ಅಂತ ಆಣಿ ಮಾಡಿ ಹೇಳ್ರಿ," ಎಂದೆ.

"ಬಂದಿದ್ರು," ಎಂದರು ಮಾಸ್ತರು. "ಎರಡು ಸಲ ಭಾಲ್ಕಿಗಿ ಬಂದಿದ್ರು. ವರ ಕೇಳ್ಲಿಕ್ಕಲ್ಲ, ಕೆಲಸ ಕೇಳ್ಲಿಕ್ಕ. ನನ್ನ ಮಗಳು ಚೆಂದ ವೆಬ್‌ಸೈಟ್ ಮಾಡ್ತಾಳ, ನಿಮಗ ಬೇಕಾಗಿದ್ರ ಆಕೀಗೇ ಹೇಳ್ರಿ, ನಾ ಬಂದಿದ್ದು ಆಕಿಗಿ ಗೊತ್ತಾಗಬಾರದು ಅಂದ್ರು. ನನಗೂ ಬೇಕಿತ್ತು. ಮತ್ತ ಆ ಅಡಗಿ, ಓದು ಎಲ್ಲಾ ಕೇಳಿದ್ದು, ಅದು ನನ್ನ ಬಾಯಿ ಚಟ. ಯಾರು ಕಂಡ್ರೂ ಕೇಳ್ತೇನಿ."

ಕರಾರು ಮಾಡಿಕೊಂಡವಳೇ ಅದರಲ್ಲಿ ತಾನು ಸೋಲಲು ಬಸ್ಸು ಹತ್ತಿ ಹೋಗಿದ್ದಳು. ನಾನು ಅಡುಗೆಮನೆಗೆ ಹೋದೆ. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಚೂರಿ ಹಾಕುವವಳು ಎಂದು ನಾನು ಅಂದ ಮೇಲೆ ಎರಡು ದಿನದಿಂದ ನಮ್ಮಲ್ಲಿ ಮಾತಿರಲಿಲ್ಲ. ಎದುರಿಗೆ ಕುಳಿತೆ, ಆದರೆ ತಪ್ಪಾಯಿತು ಎಂಬ ಮಾತು ಬರಲಿಲ್ಲ. ಬಂದದ್ದು ಮತ್ತೆ ಪ್ರಶ್ನೆಯೇ.

"ಭಾಲ್ಕಿಗಿ ಯಾಕ ಹೋಗಿದ್ದಿ?"

"ನೀ ತಾಸಿಗೊಮ್ಮೆ ಫೋನ್ ತಗದು ನೋಡೂದು ನನ್ನ ಕಡಿಂದ ನೋಡ್ಲಿಕ್ಕಾಗ್ಲಿಲ್ಲ," ಎಂದಳು ಅವ್ವ, ಸೊಪ್ಪಿನಿಂದ ಕಣ್ಣೆತ್ತದೆ.

ನನಗೆ ಅಳು ಬಂತು. ಅತ್ತುಬಿಟ್ಟೆ. ಆಮೇಲೆ ಸಂತಪುರದ ಕಥೆಯನ್ನೆಲ್ಲ ಹೇಳಿದೆ. ಅವ್ವ ಬೈಯಲಿಲ್ಲ. ಕೈ ತೊಳೆದುಕೊಂಡು, "ನಾಳಿ ಮುಂಜಾನಿ ಬಸ್ಸಿಗೆ ಹೋಗೂಣ. ಆ ಹುಡುಗಿದೇನು ತಪ್ಪದ?" ಎಂದಳು.

ಮಾರನೆಯ ದಿನ ಆ ಹೆಂಗಸು ನಮ್ಮನ್ನು ಕಂಡು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎನ್ನಲಿಲ್ಲ. ಅವ್ವ ಯಾವ ಬಹಾನಾನೂ ಮಾಡಲಿಲ್ಲ.

"ನಾ ಈಕಿ ತಾಯಿ. ಈಕಿ ಆ ವರನ ತಂಗಿ ಅಲ್ರಿ, ಅವರು ಯಾರಂತ ನಮಗ ಗೊತ್ತೂ ಇಲ್ಲ. ವೆಬ್‌ಸೈಟ್ ಮಾಡೂದು ಈಕಿ ಉದ್ಯೋಗ. ಮಾಸ್ತರ ಕೆಲಸ ಹಿಡ್ದಾಳ, ಅದನ್ನ ನೋಡ್ಲಿಕ್ಕ ಅವರ ಜೊತಿ ಬಂದಿದ್ಳು. ನೀವು ಈಕೀನ್ನ ನಿಮ್ಮ ಮಗಗ ನೋಡ್ಲಾಕತ್ತೀರಿ ಅಂತ ತಿಳದು ಹಂಗ ಮಾತಾಡ್ಯಾಳ. ಆಕಿ ಹುಚ್ಚತನಕ್ಕ ನಿಮ್ಮ ಹುಡುಗಿ ಸಂಬಂಧ ಮುರೀಬ್ಯಾಡ್ರಿ."

ಆ ಹೆಂಗಸು ನಂಬಲಿಲ್ಲ. ಇದೂ ಇನ್ನೊಂದು ಬಹಾನಾ ಎಂಬಂತೆ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣಲ್ಲಿದ್ದ ಅನುಮಾನ ನನಗೆ ಹೊಸದಾಗಿರಲಿಲ್ಲ. ನಾನು ಚೀಲದಿಂದ, ಮೇಲೆ ಕೇಂದ್ರದ ಹೆಸರು ಬರೆದಿದ್ದ ಚೌಕಗಳ ಕಾಗದ ತೆಗೆದು ಹುಡುಗಿಯ ಕೈಗೆ ಕೊಟ್ಟೆ. ಅವಳು ನಿಂತಲ್ಲೇ ಪೂರ್ತಿ ಓದಿದಳು. ಹುಡುಕುವ ಪುಟಕ್ಕೆ ಮಾಸ್ತರು ಕಾಟು ಹಾಕಿದ್ದು ಕಂಡು ಅವಳಿಗೆ ನಗು ಬಂತು. "ಖರೇ ಅದವ್ವ. ಇದು ಮಾಸ್ತರ ಕೇಂದ್ರದ್ದೇ," ಎಂದಳು.

ಒಳಗೆ ಕರೆದರು. ಮಾಸ್ತರಿಗೆ ಫೋನ್ ಮಾಡಿ ವಿಚಾರಿಸಿ ಮುಂದಿನ ಮಾತು ಹೇಳುತ್ತೇವೆ ಎಂದರು. ಅಷ್ಟಾದರೂ ಆಯಿತಲ್ಲ ಎಂದು ಜೀವ ಬಂದಂತಾಯಿತು. ಹೊರಡುವ ಮುಂಚೆ ಆ ಹೆಂಗಸು ಅವ್ವನ ಕಡೆಗೆ ಬಾಗಿ, ನನಗೆ ಕೇಳಿಸದಂತೆ ಎಂದುಕೊಂಡು, ಕೇಳಿದರು.

"ಹಂಗಾದ್ರ ಈಕೀದು ಇನ್ನೂ ಮದ್ವಿ ಆಗಿಲ್ಲೇನ್ರಿ? ನಮ್ಮ ಮಗಗ ನಾವು ನೋಡೂದೇ ಅದ."

ಕರಾರಿನ ವರ್ಷ ಮುಗಿಯಲು ಇಪ್ಪತ್ತು ದಿನವೂ ಉಳಿದಿರಲಿಲ್ಲ. ವೆಬ್‌ಸೈಟಿನ ಒಂದು ಪುಟವೂ ಆಗಿರಲಿಲ್ಲ. ನಾನು ಅವ್ವನ ಬಾಯಿಯನ್ನೇ ನೋಡಿದೆ.

"ಈಗ ಆಕಿಗಿ ಕೆಲಸ ಅದ್ರಿ," ಎಂದಳು ಅವ್ವ. "ಅದು ಮುಗದ ಮ್ಯಾಲ ಇನ್ನೊಂದು ಬರ್ತದ."

ಒಂದೂವರೆ ತಿಂಗಳು ನಾನು ಅನುಮಾನಪಟ್ಟದ್ದು ಇಂಥ ಅವ್ವನ ಮೇಲೆ.