ಚಟ್ನಿಪುಡಿಗೊಂದು ಚಿಪ್ಪು

ಎದುರುಮನೆಯ ದೊಡ್ಡಮ್ಮನ ಬಲಗೈ ಹೆಬ್ಬೆರಳು ಸುಟ್ಟು ಸುಟ್ಟು ನುಣ್ಣಗಾಗಿತ್ತು. ಕೊಬ್ಬರಿ ಚಟ್ನಿಪುಡಿ ತುಂಬಿದ ಪ್ಲಾಸ್ಟಿಕ್ ಕವರಿನ ಬಾಯನ್ನು ಗರಗಸದ ಬ್ಲೇಡಿಗೆ ಮಡಚಿ, ಮೇಣದಬತ್ತಿಯ ಉರಿಗೆ ಹಿಡಿದು, ಬಿಸಿ ಆರುವ ಮೊದಲೇ ಬೆರಳಲ್ಲಿ ಒತ್ತುತ್ತಿದ್ದರು. ಎಂಬತ್ತರ ದಶಕದ ತಿಪಟೂರಿನಲ್ಲಿ, ಗಂಡ ತೀರಿಕೊಂಡ ಮೇಲೆ ಅವರು ಹಿಡಿದ ಕಸುಬದು. ಆ ಬೀದಿಗೆ ಹೊಸ ಸೊಸೆಯಾಗಿ ಬಂದ ನಾನೂ ಕೈಜೋಡಿಸಿದ್ದೆ.

ಒಂದು ದಿನ ತುರುವೇಕೆರೆಯ ಅಂಗಡಿಯವರು ಪೊಟ್ಟಣಗಳನ್ನೆಲ್ಲ ತಂದು ಜಗಲಿಗೆ ಸುರಿದರು. "ಕಮಟು ಹಿಡಿದೈತೆ ಕಣಮ್ಮ. ಇನ್ಮೇಲೆ ಬ್ಯಾಡ ಬುಡಿ."

ನಮ್ಮ ಪುಡಿ ಕೊಳ್ಳುತ್ತಿದ್ದುದು ಅದೊಂದೇ ಅಂಗಡಿ. ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಮ್ಮ ಒಂದು ಪೊಟ್ಟಣವನ್ನು ನೀರಲ್ಲಿ ಅದುಮಿದರು. ಒಂದು ಗುಳ್ಳೆಯೂ ಏಳಲಿಲ್ಲ; ಎಲ್ಲೂ ತೂತಿರಲಿಲ್ಲ. ಆಮೇಲೆ ಮೂಗಿಗೆ ಹಿಡಿದರು.

"ನನ್ ಬುದ್ಧಿಗಿಷ್ಟು ಬೆಂಕಿ ಬೀಳ! ಬಿಚ್ಚದೆಲೇ ಬೆಳ್ಳುಳ್ಳಿ ಘಮ ಬತ್ತೈತೆ ಕಣೇ. ಘಮ ಈಚೆ ಬತ್ತದೆ ಅಂದ್ರೆ ಗಾಳಿ ಒಳಕ್ಕೆ ಹೋಗಲ್ವಾ? ಚಿಪ್ಪಿನೊಳಗಿದ್ರೆ ಕೊಬ್ಬರಿ ಅಟ್ಟದ ಮೇಲೆ ವರ್ಷ ಕೂತ್ರೂ ಕೆಡಲ್ಲ. ಚಿಪ್ಪು ಒಡೆದೋರು ನಾವು, ಇನ್ನೊಂದು ಚಿಪ್ಪು ನಾವೇ ಕೊಡ್ಬೇಕು." ಅಂಗಡಿಯವರತ್ತ ತಿರುಗಿ, "ಆರು ತಿಂಗಳು ಕೆಡದಂಗೆ ಮಾಡ್ತೀನಿ. ಅಲ್ಲೀಗಂಟ ಒಂದು ಪೊಟ್ಟಣನೂ ಕಳ್ಸಲ್ಲ" ಎಂದರು.

ಬೆಂಗಳೂರಿನ ಪ್ಲಾಸ್ಟಿಕ್ ಅಂಗಡಿಗಳನ್ನು ಸುತ್ತಿ ಥರಾವರಿ ಹಾಳೆಯ ತುಂಡು ತಂದರು. ಒಂದೊಂದರಲ್ಲೂ ಜಜ್ಜಿದ ಬೆಳ್ಳುಳ್ಳಿ ಕಟ್ಟಿಟ್ಟು, ಬೆಳಗ್ಗೆ ಎದ್ದವರೇ ಮೂಸುತ್ತಿದ್ದರು. ಬೀದಿಯವರು ನಕ್ಕರು. "ನಗ್ಲಿ ಬುಡು, ಹಲ್ಲು ಅವ್ರದ್ದೇ ತಾನೆ?" ಅನ್ನುತ್ತಿದ್ದರು ದೊಡ್ಡಮ್ಮ. ಕೊನೆಗೆ ಹಲವು ಪದರ ಸೇರಿಸಿ ಮಾಡಿದ, ನಡುವಿನ ಪದರ ಗಾಳಿ ತಡೆಯುವ ಹಾಳೆಯೊಂದು ಘಮ ಹೊರಬಿಡದೆ ಗೆದ್ದಿತು. ಅದು ಮೇಣದಬತ್ತಿಗೆ ಜಗ್ಗಲಿಲ್ಲ. ಇಸ್ತ್ರಿಪೆಟ್ಟಿಗೆ ಕಾಯಿಸಿ, ಕಾಗದದ ಮೇಲಿಂದ ಒತ್ತಿ ಅಂಟಿಸಿದೆವು.

ಆರು ಪೊಟ್ಟಣಗಳ ಮೇಲೆ ಆರು ತಿಂಗಳ ಹೆಸರು ಬರೆದು ಗೂಡಿನಲ್ಲಿಟ್ಟರು. ಅಲ್ಲಿಯತನಕ ಸಂತೆಯಲ್ಲಿ ಬಿಡಿಯಾಗಿ ಮಾರಿ ದಿನ ದೂಡಿದೆವು. ತಿಂಗಳಿಗೊಂದರಂತೆ ಐದನ್ನು ಅವರೇ ಕತ್ತರಿಸಿ, ಮೂಸಿ, ನನ್ನ ಬಾಯಿಗೂ ಚೂರು ಹಾಕಿದರು. ಐದೂ ಚೆನ್ನಾಗಿದ್ದವು. ಆರನೆಯದಕ್ಕೆ ಒಂಬತ್ತು ದಿನವಿತ್ತು. ಎದೆನೋವೆಂದು ಮಲಗಿದವರು ಏಳಲಿಲ್ಲ. ಹೆತ್ತಮ್ಮ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ತಿಥಿಗೆ ಅಂಗಡಿಯವರೂ ಬಂದಿದ್ದರು. ಗೂಡಿನಿಂದ ಆರನೆಯ ಪೊಟ್ಟಣ ತಂದು ಅವರೆದುರೇ ಕತ್ತರಿಸಿ ಹಿಡಿದೆ. ಮೂಸಿದರು. ಚಿಟಿಕೆ ಬಾಯಿಗೆ ಹಾಕಿಕೊಂಡರು.

"ನಿನ್ನೆ ಹುರಿದಂಗೈತೆ ಕಣವ್ವ. ಯಾವತ್ತಿಂದ ಕಳಿಸ್ತೀಯಾ?"

"ನಾಳೆಯಿಂದ," ಎಂದೆ. ಒಳಗೆ ಹೋಗಿ ದೊಡ್ಡಮ್ಮನ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದೆ.